ಎರೆಹಕ್ಕಿಯ ಪಾಲಿನ ಹಾಲು

ನಾನು ಚಿಕ್ಕವಳಿದ್ದಾಗ, ನಡುಹೊಲದಲ್ಲಿ ಹೊರಟ ಅಪ್ಪನ ಎತ್ತುಗಳನ್ನು ಗಕ್ಕನೆ ನಿಲ್ಲಿಸುವ ತಾಕತ್ತು ಅಪ್ಪನನ್ನು ಬಿಟ್ಟರೆ ಒಂದು ಹಕ್ಕಿಗೆ ಮಾತ್ರ ಇತ್ತು. ನೀವು ಮೊಮ್ಮಕ್ಕಳು ನಂಬಲಾರಿರಿ, ಗೊತ್ತು. ನಿಮಗೆ ಹಕ್ಕಿ ಎಂದರೆ ತಂತಿಯ ಮೇಲೆ ಕೂರುವ ಪಾರಿವಾಳ, ಇಲ್ಲವೇ ಅಡುಗೆಮನೆಯ ಕಿಟಕಿಗೆ ಬಂದು ರೊಟ್ಟಿ ಬೇಡುವ ಕಾಗೆ. ಎತ್ತಿನ ಮಾತು ಹಾಗಿರಲಿ, ಮನೆಯ ಬೆಕ್ಕು ಆಕಳಿಸಿದರೂ ಅವು ಹಾರಿಹೋಗುತ್ತವೆ. ನಾನು ಹೇಳುತ್ತಿರುವುದು ಎರೆಹಕ್ಕಿಯ ವಿಷಯ. ನಿಮ್ಮ ಪುಸ್ತಕದಲ್ಲಿ ಅದನ್ನು ಹೆಬ್ಬಕ ಎಂದು ಬರೆದಿದ್ದಾರೆ. ಅದರ ಚಿತ್ರಕ್ಕೆ ನೀವು ಬಣ್ಣ ತುಂಬಿದ್ದನ್ನೂ ನೋಡಿದ್ದೇನೆ. ಕಾಲಿಗೆ ಕೆಂಪು ಬಣ್ಣ ಹಚ್ಚಿದ್ದೀರಿ. ಅದರ ಕಾಲು ಕೆಂಪಲ್ಲ, ಹಳದಿ.

ನಮ್ಮೂರು ಶಲವಡಿಯ ಆಚೆಗಿನ ಒಂದು ಸಣ್ಣ ಹಳ್ಳಿ. ಊರು ದಾಟಿದರೆ ಕಣ್ಣು ಸೋಲುವವರೆಗೆ ಎರೆ ಹೊಲ, ಅಂದರೆ ಕಪ್ಪು ಮಣ್ಣಿನ ಬಯಲು. ಗುಡ್ಡವಿಲ್ಲ, ಕಾಡಿಲ್ಲ, ನೆರಳಿಗೆ ಅಲ್ಲೊಂದು ಇಲ್ಲೊಂದು ಜಾಲಿಗಿಡ. ಬೇಸಿಗೆಯಲ್ಲಿ ಆ ಮಣ್ಣು ನನ್ನ ಕಾಲು ಸಿಕ್ಕಿಕೊಳ್ಳುವಷ್ಟು ಅಗಲಕ್ಕೆ ಬಿರಿಯುತ್ತಿತ್ತು. ಮಳೆ ಬಿದ್ದರೆ ಅದೇ ಮಣ್ಣು ಬೆಲ್ಲದ ಪಾಕದಂತೆ ಅಂಟು. ನಾಲ್ಕು ಹೆಜ್ಜೆ ನಡೆಯುವುದರಲ್ಲಿ ಪಾದಕ್ಕೆ ಮಣ್ಣಿನ ಮುದ್ದೆ ಮೆತ್ತಿಕೊಂಡು ಕಾಲು ಎತ್ತಲಾಗದಷ್ಟು ಭಾರವಾಗುತ್ತಿತ್ತು. ಕಡ್ಡಿಯಿಂದ ಕೆರೆದು ಹಾಕಿ ಮುಂದೆ ಹೋಗಬೇಕು, ಮತ್ತೆ ನಿಂತು ಕೆರೆಯಬೇಕು. ಆದರೆ ಹೊಸ ಮಳೆಗೆ ಅದರಿಂದ ಏಳುತ್ತಿದ್ದ ವಾಸನೆಯನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಅಕ್ಕನಂತೂ ಕದ್ದು ಒಂದು ಮಣ್ಣಿನ ಹೆಂಟೆಯನ್ನೇ ಬಾಯಿಗೆ ಹಾಕಿಕೊಂಡು ಅವ್ವನಿಂದ ಬೈಸಿಕೊಳ್ಳುತ್ತಿದ್ದಳು.

ಆ ಹೊಲದಲ್ಲಿ ನಾವು ಬಿತ್ತುತ್ತಿದ್ದದ್ದು ಮಳೆಗಾಲ ಮುಗಿಯುತ್ತ ಬಂದಾಗ. ಬಿಳಿಜೋಳ, ಕಡಲೆ, ಅಂಚಿಗೆ ಒಂದಿಷ್ಟು ಕುಸುಬೆ. ಅಲ್ಲಿಯವರೆಗೆ ಹೊಲ ಖಾಲಿ. ಹಾಗೆಂದು ಸುಮ್ಮನೆ ಬಿಡುವಂತಿಲ್ಲ. ಪ್ರತಿ ಮಳೆಗೂ ಕಸ ಹುಟ್ಟುತ್ತದೆ. ಹದ ನೋಡಿಕೊಂಡು ಎತ್ತು ಹೂಡಿ, ಅಗಲವಾದ ಕಬ್ಬಿಣದ ಅಲಗಿರುವ ಕುಂಟೆಯನ್ನು ಎಳೆಸಿ, ಕಸವನ್ನು ಬುಡಸಮೇತ ಕೊಯ್ದು ಹಾಕಬೇಕು. ಇದಕ್ಕೆ ಹರಗುವುದು ಎನ್ನುತ್ತೇವೆ. ಹರಗುವುದರಲ್ಲಿ ಅಪ್ಪನಿಗೆ ವಿಪರೀತ ಹಟ. ಒಂದು ಹುಲ್ಲಿನ ಎಸಳು ತಲೆ ಎತ್ತಿದ್ದು ಕಂಡರೆ ಅವನಿಗೆ ಊಟ ಸೇರುತ್ತಿರಲಿಲ್ಲ. ನಮ್ಮ ಅಂಗಳಕ್ಕಿಂತ ಹೊಲವೇ ಸ್ವಚ್ಛ ಎಂದು ಅವ್ವ ಕೆಣಕುತ್ತಿದ್ದಳು. ಬಾಜೂ ಹೊಲದ ಕಾಕಾ ಮಾತ್ರ, ಇವನ ಹೊಲದಲ್ಲಿ ಚಾಪೆ ಇಲ್ಲದೆ ಊಟಕ್ಕೆ ಕೂರಬಹುದು ಎಂದು ಎಲ್ಲರ ಮುಂದೆ ಹೊಗಳುತ್ತಿದ್ದ. ಕಾಕಾ ಮುಸಲ್ಮಾನರವನು. ಅವನ ಹೊಲಕ್ಕೂ ನಮ್ಮ ಹೊಲಕ್ಕೂ ನಡುವೆ ಒಂದು ಬದು ಮಾತ್ರ.

ಎಷ್ಟೇ ಹಟವಿದ್ದರೂ ಒಂದು ರೀತಿಯನ್ನು ಅಪ್ಪ ಎಂದೂ ತಪ್ಪಿಸುತ್ತಿರಲಿಲ್ಲ. ಹರಗುವಾಗ ಹಕ್ಕಿಯ ತತ್ತಿ ಕಂಡರೆ ಕುಂಟೆಯನ್ನು ಎತ್ತಿ ಆಚೆಗೆ ಇಡಬೇಕು. ಸುತ್ತಲಿನ ಜಾಗವನ್ನು ದುಂಡಗೆ ಹಾಗೆಯೇ ಬಿಡಬೇಕು. ಮರಿಗಳು ಎದ್ದುಹೋದ ಮೇಲೆ ಬೇಕಾದರೆ ಹರಗಿಕೊಳ್ಳಬಹುದು. ಇದು ಅಪ್ಪನೊಬ್ಬನ ರೀತಿಯಲ್ಲ, ನಮ್ಮ ಕಡೆ ಒಕ್ಕಲುತನ ಮಾಡುವವರೆಲ್ಲರ ರೀತಿ. ನೆಲದ ಮೇಲೆ ತತ್ತಿ ಇಡುವ ಬುರ್ಲಿ ಹಕ್ಕಿಗೂ ಅದೇ, ಟಿಟವಿ ಹಕ್ಕಿಗೂ ಅದೇ. ಅಪ್ಪ ಹೀಗೆ ಬಿಟ್ಟ ಜಾಗಗಳಲ್ಲಿ ಮರಿಗಳು ಓಡಾಡಿದ್ದನ್ನು ನಾನೇ ನೋಡಿದ್ದೆ. ಆದ್ದರಿಂದ ಅದು ಒಳ್ಳೆಯ ರೀತಿ ಎಂದು ನನಗೂ ಗೊತ್ತಿತ್ತು.

ಎರೆಹಕ್ಕಿ ಮಾತ್ರ ಬಹಳ ವರ್ಷಗಳಿಂದ ನಮ್ಮ ಹೊಲಕ್ಕೆ ಬಂದಿರಲಿಲ್ಲ. ಅಪ್ಪ ಸಣ್ಣವನಿದ್ದಾಗ ಕಡಲೆ ಕಿತ್ತ ಹೊಲಗಳಲ್ಲಿ ಅವು ಕುರಿಗಳ ಹಾಗೆ ಗುಂಪಾಗಿ ಮೇಯುತ್ತಿದ್ದವಂತೆ. ಅವನು ಆ ಮಾತು ಹೇಳಿದಾಗಲೆಲ್ಲ ಅಕ್ಕ ನನ್ನತ್ತ ನೋಡಿ ಕಣ್ಣು ಮಿಟುಕಿಸುತ್ತಿದ್ದಳು. ಅಪ್ಪ ಮಾತು ಬೆಳೆಸುತ್ತಾನೆ ಎಂದೇ ನಾವು ತಿಳಿದಿದ್ದೆವು. ಆ ವರ್ಷ ಮೊದಲ ಮಳೆ ಆದ ಮೇಲೆ ಒಂದು ಬೆಳಿಗ್ಗೆ ಅವನು ನಮ್ಮಿಬ್ಬರನ್ನೂ ಎಬ್ಬಿಸಿ ಹೊಲಕ್ಕೆ ಕರೆದುಕೊಂಡು ಹೋದ. ಬದುವಿನ ಹಿಂದೆ ಬೋರಲಾಗಿ ಮಲಗಿಸಿದ. ದೂರದಲ್ಲಿ ಒಂದು ಗಂಡು ಎರೆಹಕ್ಕಿ ನಿಂತಿತ್ತು. ನನ್ನ ಎದೆಮಟ್ಟಕ್ಕೆ ಬರುವಷ್ಟು ಎತ್ತರ, ಬಿಳಿ ಕತ್ತು, ತಲೆಯ ಮೇಲೆ ಕರಿ ಟೊಪ್ಪಿಗೆ. ನಾವು ನೋಡುತ್ತಿದ್ದಂತೆಯೇ ಅದರ ಕತ್ತಿನ ಕೆಳಗೆ ಒಂದು ಚೀಲ ಊದಿಕೊಳ್ಳತೊಡಗಿತು. ಊದಿ ಊದಿ ಅದು ನೆಲಕ್ಕೆ ತಾಗುವ ಹಾಗೆ ಜೋತುಬಿತ್ತು. ಬಾಲ ಬೆನ್ನಿನ ಮೇಲೆ ಮಡಚಿಕೊಂಡಿತು. ಆಮೇಲೆ ಖಾಲಿ ಕೊಡದ ಬಾಯಿಗೆ ಬಾಯಿಟ್ಟು ಕೂಗಿದ ಹಾಗೆ ಒಂದು ದನಿ ಬಯಲಿನ ತುಂಬ ಹಬ್ಬಿತು. ಅಕ್ಕ ನಗಲಿಲ್ಲ. ಹೆಣ್ಣನ್ನು ಕರೆಯಲು ಗಂಡು ಇಷ್ಟೆಲ್ಲ ಮಾಡುತ್ತದೆ, ಆದರೆ ತತ್ತಿ ಕಾಯುವ ಕೆಲಸಕ್ಕೆ ಮಾತ್ರ ತಿರುಗಿಯೂ ನೋಡುವುದಿಲ್ಲ ಎಂದು ಅಪ್ಪ ಪಿಸುಗುಟ್ಟಿದ. ಅವ್ವ ಆಮೇಲೆ ಇದನ್ನು ಕೇಳಿ, ಅದರಲ್ಲಿ ಹೊಸದೇನಿದೆ ಎಂದಳು.

ಆಷಾಢದ ಹುಣ್ಣಿಮೆಯ ಹೊತ್ತಿಗೆ ಅಪ್ಪ ಹರಗಲು ಎತ್ತು ಹೂಡಿದ. ನಾನು ಬುತ್ತಿ ಒಯ್ದಿದ್ದೆ. ಎತ್ತುಗಳು ಸರಾಗವಾಗಿ ಹೋಗುತ್ತಿದ್ದವು, ಇದ್ದಕ್ಕಿದ್ದ ಹಾಗೆ ನಿಂತುಬಿಟ್ಟವು. ಅಪ್ಪ ಬಾರುಕೋಲು ಎತ್ತಿದರೂ ಅಲ್ಲಾಡಲಿಲ್ಲ. ಅವುಗಳ ಮೂತಿಯ ಮುಂದೆಯೇ ಒಂದು ಹೆಣ್ಣು ಎರೆಹಕ್ಕಿ ಎರಡೂ ರೆಕ್ಕೆಗಳನ್ನು ಛತ್ರಿಯಂತೆ ಬಿಚ್ಚಿ, ಕತ್ತು ಚಾಚಿ, ಬುಸುಗುಡುತ್ತ ನಿಂತಿತ್ತು. ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಎತ್ತುಗಳೇ ಹಿಂದೆ ಸರಿದವು. ಅದರ ಕಾಲ ಬಳಿ ಬರಿಯ ನೆಲದ ಮೇಲೆ ಒಂದು ತತ್ತಿ ಇತ್ತು. ಗೂಡಿಲ್ಲ, ಕಡ್ಡಿಯಿಲ್ಲ, ಹುಲ್ಲಿಲ್ಲ. ಮಣ್ಣಿನ ಬಣ್ಣದ ಮೇಲೆ ಕಂದು ಚುಕ್ಕೆ ಇದ್ದ ಆ ತತ್ತಿಯನ್ನು ಅಪ್ಪ ಬೆರಳು ಮಾಡಿ ತೋರಿಸಿದರೂ ನನಗೆ ಕೂಡಲೇ ಕಾಣಲಿಲ್ಲ. ಹೆಂಟೆಗಳ ನಡುವೆ ಅದೂ ಒಂದು ಹೆಂಟೆಯ ಹಾಗೆ ಬಿದ್ದಿತ್ತು.

ಅಪ್ಪ ಎತ್ತುಗಳನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿದ. ಅವನ ಮುಖ ನೋಡಿದರೆ ಯಾರೋ ದೊಡ್ಡವರು ಮನೆಗೆ ಬಂದ ಹಾಗಿತ್ತು. ಕುಂಟೆಯನ್ನು ಎತ್ತಿಟ್ಟು, ತತ್ತಿಯ ಸುತ್ತ ಗಾಡಿಯೊಂದು ತಿರುಗುವಷ್ಟು ಜಾಗ ಬಿಟ್ಟು, ಉಳಿದ ಹೊಲವನ್ನೆಲ್ಲ ಎಂದಿನಂತೆ ಒಂದು ಎಸಳೂ ಇಲ್ಲದ ಹಾಗೆ ಹರಗಿದ. ಕಾಕಾನಿಗೂ ಅಷ್ಟೇ ಸಂತೋಷ. ಮರೆತು ಯಾರಾದರೂ ದನ ಹೊಡೆದುಕೊಂಡು ಬಂದಾರು ಎಂದು ಅವನೇ ಒಂದು ಕಲ್ಲಿಗೆ ಸುಣ್ಣ ಬಳಿದು ತಂದು ಆ ಜಾಗದ ಅಂಚಿಗೆ ನೆಟ್ಟ. ಅಂದು ರಾತ್ರಿ ಉಣ್ಣುವಾಗ ಅಪ್ಪ ನಮಗೆ ಹೇಳಿದ ಮಾತು ಇನ್ನೂ ನೆನಪಿದೆ.

"ವರ್ಷಕ್ಕ ಒಂದ ತತ್ತಿ ಇಡತೈತಿ ಅದು. ಇಡೀ ಬಯಲ ಬಿಟ್ಟು ನಮ್ಮ ಹೊಲಾ ನಂಬಿ ಬಂದೈತಿ. ಈ ಮರಿ ಎದ್ದು ಓಡ್ಯಾಡೂದು ನೀವು ನೋಡಬೇಕವಾ. ನಾ ನೋಡಿದ್ದು ನೀವೂ ನೋಡಬೇಕು."

ಅಷ್ಟೇ ಅವನಿಗೆ ಬೇಕಾಗಿದ್ದದ್ದು. ಮಕ್ಕಳಿಗೆ ಬಂಗಾರ ಬಿಟ್ಟುಹೋಗುತ್ತೇನೆ ಎನ್ನುವ ಮನುಷ್ಯ ಅಲ್ಲ ಅವನು. ತಾನು ಕಂಡ ಹಕ್ಕಿಯನ್ನು ಮಕ್ಕಳೂ ಕಾಣಲಿ ಎಂದು ಆಸೆಪಟ್ಟ. ಕಾವು ಮುಗಿಯಲು ಹೆಚ್ಚುಕಡಿಮೆ ಒಂದು ತಿಂಗಳು ಬೇಕು, ನಾಗರ ಪಂಚಮಿ ಆದ ಮೇಲೆ ಮರಿ ಏಳಬಹುದು ಎಂದು ಲೆಕ್ಕ ಹಾಕಿದ. ದಿನವೂ ಹೊಲಕ್ಕೆ ಹೋಗಿ ಬದುವಿನ ಮೇಲೆ ಕೂತು ಬರುತ್ತಿದ್ದ. ನಾನೂ ಅಕ್ಕನೂ ಬೆನ್ನು ಹತ್ತುತ್ತಿದ್ದೆವು.

ಆ ದಿನಗಳಲ್ಲಿ ಹಕ್ಕಿಯಿಂದ ನಾವು ಕಲಿತದ್ದನ್ನು ಯಾವ ಶಾಲೆಯಲ್ಲೂ ಕಲಿಯಲಿಲ್ಲ. ಇಷ್ಟು ದೊಡ್ಡ ಹಕ್ಕಿ ಗಿಡದ ಮೇಲೆ ಕೂರುವುದೇ ಇಲ್ಲ, ಏಕೆಂದರೆ ಟೊಂಗೆ ಹಿಡಿಯಲು ಬೇಕಾದ ಹಿಂಬೆರಳು ಅದಕ್ಕಿಲ್ಲ. ಹುಟ್ಟಿನಿಂದ ಸಾವಿನವರೆಗೆ ಅದಕ್ಕೆ ನೆಲವೇ ಮನೆ. ಎತ್ತು ಎಮ್ಮೆ ಬಂದರೆ ಎದ್ದು ಎದುರು ನಿಲ್ಲುತ್ತದೆ. ನಾಯಿ ಬಂದರೆ, ಮನುಷ್ಯ ಬಂದರೆ ಬೇರೆಯೇ ಆಟ. ತತ್ತಿ ಬಿಟ್ಟು ಓಡಿ, ಒಂದು ರೆಕ್ಕೆ ಜೋತುಬಿಟ್ಟು, ಕುಂಟುತ್ತ, ಬೀಳುತ್ತ, ಇನ್ನೇನು ಕೈಗೆ ಸಿಕ್ಕೇಬಿಟ್ಟೆ ಎನ್ನುವಂತೆ ನಟಿಸುತ್ತದೆ. ಬೆನ್ನು ಹತ್ತಿದ ನಾಯಿಯನ್ನು ಎರಡು ಹೊಲ ದಾಟಿಸಿ, ಆಮೇಲೆ ಭರ್ರನೆ ಹಾರಿ ಹೋಗುತ್ತದೆ. ಕಾಕಾನ ನಾಯಿ ಹೀಗೆ ಮೋಸಹೋಗಿ ನಾಲಿಗೆ ಚಾಚಿಕೊಂಡು ಮರಳಿ ಬಂದದ್ದನ್ನು ನೋಡಿ ನಾವು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಎತ್ತಿಗೆ ಒಂದು ಉಪಾಯ, ನಾಯಿಗೆ ಇನ್ನೊಂದು.

ನಡುವೆ ಎರಡು ಮಳೆ ಆದವು. ಬಿಟ್ಟ ಜಾಗದಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆಯಿತು. ಸುತ್ತ ಅಪ್ಪ ಹರಗಿದ ಅಚ್ಚ ಕಪ್ಪು ಹೊಲ, ನಟ್ಟನಡುವೆ ಒಂದೇ ಒಂದು ಹಸಿರು ಗುಂಡು, ಅದರ ಅಂಚಿಗೆ ಬಿಳಿ ಕಲ್ಲು. ಊರಿನ ದಾರಿಯಲ್ಲಿ ನಿಂತರೂ ಕಾಣುತ್ತಿತ್ತು. ದಾರಿಹೋಕರು ನಿಂತು ಅದೇನು ಎಂದು ಕೇಳುತ್ತಿದ್ದರು, ಅಪ್ಪ ಸಂತೋಷದಿಂದ ಹೇಳುತ್ತಿದ್ದ. ಎಷ್ಟು ಚೆಂದ ಕಾಣುತ್ತದೆ ಎಂದು ನನಗೂ ಅನಿಸುತ್ತಿತ್ತು. ಹಕ್ಕಿ ಹಸಿರು ಹುಡುಕಿಕೊಂಡು ಬಂದದ್ದಲ್ಲ, ಬರಿಯ ಮಣ್ಣಿನಲ್ಲಿ ಮಣ್ಣಾಗಿ ಇರಲು ಬಂದದ್ದು ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಅವ್ವನ ತವರು ದುಮ್ಮವಾಡ. ಅದು ಕಲಘಟಗಿ ಕಡೆ, ಕೆಂಪು ಮಣ್ಣಿನ ಸೀಮೆ. ಅಲ್ಲಿ ಹೆಜ್ಜೆಗೊಂದು ಹುತ್ತ. ಪಂಚಮಿ ಬಂದರೆ ಹೆಂಗಸರೆಲ್ಲ ಹುತ್ತಕ್ಕೆ ಹಾಲೆರೆದು ಬರುತ್ತಾರೆ. ನಮ್ಮ ಎರೆ ಮಣ್ಣಿನಲ್ಲಿ ಹುತ್ತವೇ ಏಳುವುದಿಲ್ಲ. ಮದುವೆಯಾಗಿ ಬಂದಾಗಿನಿಂದ ಅವ್ವನಿಗೆ ಇದೊಂದು ಕೊರಗು. ನಾಗಪ್ಪ ಇಲ್ಲದ ಊರಿಗೆ ಕೊಟ್ಟರು ಎಂದು ಪ್ರತಿ ಪಂಚಮಿಗೂ ಗೊಣಗುತ್ತ, ಗುಡಿಯ ಹಿಂದಿನ ಕಲ್ಲಿಗೆ ಹಾಲೆರೆದು ಬರುತ್ತಿದ್ದಳು. ಆ ವರ್ಷ ಅವಳಿಗೆ ಇನ್ನೊಂದು ಚಿಂತೆ ಹತ್ತಿಕೊಂಡಿತು. ಹುಲ್ಲು ಎತ್ತರ ಬೆಳೆದಿದೆ, ಹಾವು ಬಂದು ತತ್ತಿ ನುಂಗಿಬಿಟ್ಟರೆ ಏನು ಗತಿ? ಅಪ್ಪನ ಮನಸ್ಸು ಆ ತತ್ತಿಯಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಆಗ ತಮ್ಮ ಇನ್ನೂ ತೊಟ್ಟಿಲ ಕೂಸು. ತೊಟ್ಟಿಲು ತೂಗುವಾಗಲೂ ಅವ್ವ ಹಾವಿನ ಮಾತೇ ಆಡುತ್ತಿದ್ದಳು.

ಪಂಚಮಿಯ ದಿನ ನಸುಕಿನಲ್ಲಿ ಜಿಟಿಜಿಟಿ ಮಳೆ ಬಂದು ನಿಂತಿತ್ತು. ಮನೆ ತುಂಬ ಹುರಿದ ಎಳ್ಳು ಮತ್ತು ಕಾಸಿದ ಬೆಲ್ಲದ ವಾಸನೆ. ಬುಟ್ಟಿಯಲ್ಲಿ ಶೇಂಗಾ ಉಂಡಿ, ಹುರಿದ ಹಿಟ್ಟಿಗೆ ಬೆಲ್ಲ ಕಲಸಿದ ಅಳ್ಳಿಟ್ಟು, ಬೆಳ್ಳಗೆ ಹೂವಿನಂತೆ ಅರಳಿದ ಜೋಳದ ಅರಳು. ಕಾಳು ತುಂಬಿಡುವ ಹಗೇವಿನ ಬಳಿಯ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದ್ದರು. ಅಂದು ಯಾರೂ ನೆಲ ಅಗೆಯುವಂತಿಲ್ಲ, ಹರಗುವಂತಿಲ್ಲ. ನೆಲದೊಳಗಿನ ಹಾವಿಗೆ ಪೆಟ್ಟಾದೀತು ಎಂಬ ನಂಬಿಕೆ. ಆದ್ದರಿಂದ ಅಪ್ಪ ಅಂದೊಂದು ದಿನ ಬೆಳಿಗ್ಗೆ ಹೊಲಕ್ಕೆ ಹೋಗದೆ ಎತ್ತುಗಳ ಮೈ ತೊಳೆಯುತ್ತ ಮನೆಯಲ್ಲಿಯೇ ಉಳಿದ.

ಅವ್ವ ನನ್ನನ್ನೂ ಅಕ್ಕನನ್ನೂ ಕರೆದುಕೊಂಡು ಹಾಲಿನ ತಂಬಿಗೆ ಹಿಡಿದು ಹೊರಟಳು. ಗುಡಿಯ ಕಡೆಗೆ ತಿರುಗಲಿಲ್ಲ, ಹೊಲದ ದಾರಿ ಹಿಡಿದಳು. ಓಣಿಯ ಹೆಂಗಸರು ಎಲ್ಲಿಗೆ ಎಂದು ಕೇಳಿದರು. ಎರೆಹಕ್ಕಿಯ ಜಾಗದಲ್ಲಿ ಹಾಲೆರೆದರೆ ನಾಗಪ್ಪ ತತ್ತಿಯನ್ನು ಮುಟ್ಟುವುದಿಲ್ಲ ಎಂದು ಅವ್ವ ಹೇಳಿದಳು. ಅವರಿಗೂ ಅದು ಸರಿ ಎನಿಸಿತು. ಹೊಸ ಸೀರೆ ಉಟ್ಟು, ಮುಡಿ ತುಂಬ ಹೂ ಮುಡಿದು, ಕೈಯಲ್ಲಿ ನೈವೇದ್ಯದ ತಟ್ಟೆ ಹಿಡಿದು, ನಿಂತು ನಿಂತು ಕಾಲಿನ ಮಣ್ಣು ಕೆರೆದುಕೊಳ್ಳುತ್ತ ಒಬ್ಬರ ಹಿಂದೊಬ್ಬರು ಬಂದರು. ತವರಿಗೆ ಬಂದ ಹೆಣ್ಣುಮಕ್ಕಳು, ಅವರ ಮಕ್ಕಳು, ಎಲ್ಲರೂ. ಒಬ್ಬರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ನಾನು ಇದನ್ನು ಮತ್ತೆ ಮತ್ತೆ ಹೇಳುತ್ತೇನೆ, ನೀವು ಬೇಸರ ಮಾಡಿಕೊಳ್ಳಬೇಡಿ.

ನಮ್ಮನ್ನು ಕಂಡು ಹಕ್ಕಿ ತತ್ತಿ ಬಿಟ್ಟು ಎದ್ದಿತು. ಕುಂಟುತ್ತ, ರೆಕ್ಕೆ ಎಳೆಯುತ್ತ ದೂರ ಹೊರಟಿತು. ಅದು ನಾಟಕ ಎಂದು ನನಗೂ ಅಕ್ಕನಿಗೂ ಗೊತ್ತು. ಹೆಂಗಸರಿಗೆ ಗೊತ್ತಿಲ್ಲ. ಪಾಪ, ರೆಕ್ಕೆ ಮುರಿದಿದೆ, ಮೇವಿಗೆ ಹೋಗಲಾರದೆ ಕೂತಿದೆ ಎಂದು ಎಲ್ಲರೂ ಲೊಚಗುಟ್ಟಿದರು. ಅಕ್ಕ ಎಷ್ಟು ಹೇಳಿದರೂ ಕೇಳಿಸಿಕೊಳ್ಳಲಿಲ್ಲ. ಒಬ್ಬಳು ತಟ್ಟೆಯಿಂದ ಒಂದು ಮುಷ್ಟಿ ಅರಳು ತೆಗೆದು ಹಸಿರಿನ ಮೇಲೆ ಚೆಲ್ಲಿದಳು. ಮಿಕ್ಕವರೂ ಚೆಲ್ಲಿದರು. ಹಕ್ಕಿ ಮರಳಿ ಬಂದು ತಿನ್ನಲಿ ಎಂದು ಅಳ್ಳಿಟ್ಟಿನ ಉಂಡಿಯನ್ನೂ ಪುಡಿ ಮಾಡಿ ಹಾಕಿದರು.

ಅವ್ವ ಕೊಬ್ಬರಿ ಬಟ್ಟಲಲ್ಲಿ ಹಾಲು ತುಂಬಿಕೊಂಡು ಬಿಳಿ ಕಲ್ಲಿನ ಮೇಲೆ ಎರೆದಳು. ಪಂಚಮಿಯ ಹಾಲನ್ನು ಮನೆಯ ಒಬ್ಬೊಬ್ಬರ ಹೆಸರಲ್ಲಿ ಪಾಲು ಹಾಕುತ್ತ ಎರೆಯುತ್ತೇವೆ. ದೇವರ ಪಾಲು, ಹಿರಿಯರ ಪಾಲು, ಅಪ್ಪನ ಪಾಲು, ಮಕ್ಕಳ ಪಾಲು ಎಂದು ಎರೆಯುತ್ತ ಬಂದ ಅವ್ವ ಕೊನೆಯಲ್ಲಿ ಇನ್ನೊಂದು ಬಟ್ಟಲು ತುಂಬಿಕೊಂಡಳು. ಯಾರೂ ಹಾಗೆ ಎರೆದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಇದು ಹಕ್ಕಿ ಪಾಲ. ನಾಗಪ್ಪಾ, ನಿನ್ನ ಹಾಲ ನೀ ಕುಡಿ. ಈಕಿ ಕೂಸಿನ ತಂಟೇಕ ಬರಬ್ಯಾಡ."

ತತ್ತಿ ನನ್ನ ಕಾಲಿನಿಂದ ಮೂರು ಮೊಳ ದೂರದಲ್ಲಿ, ಹಸಿರಿನ ನಡುವೆ ಬೆಚ್ಚಗೆ ಇತ್ತು. ಅದರ ಸುತ್ತ ಮಲ್ಲಿಗೆ ಚೆಲ್ಲಿದ ಹಾಗೆ ಬೆಳ್ಳನೆಯ ಅರಳು. ಇನ್ನು ಇದಕ್ಕೆ ಏನೂ ಆಗುವುದಿಲ್ಲ ಎಂದು ನಾನು ನಂಬಿದೆ. ಮನೆಗೆ ಬಂದು ಜೋಕಾಲಿ ಆಡಿದೆ, ಉಂಡಿ ತಿಂದೆ, ಮತ್ತೆ ಜೋಕಾಲಿ ಆಡಿದೆ. ಅಷ್ಟು ಖುಷಿಯಾಗಿದ್ದ ಪಂಚಮಿ ಇನ್ನೊಂದು ನನಗೆ ನೆನಪಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಅಪ್ಪನಿಗೆ ಮನಸ್ಸು ತಡೆಯಲಿಲ್ಲ. ಒಮ್ಮೆ ನೋಡಿ ಬರೋಣ ಎಂದು ಹೊರಟ. ನಾನೂ ಅಕ್ಕನೂ ಜೊತೆಗೆ ಹೋದೆವು. ದಾರಿಯಿಂದ ಹೊಲ ಕಂಡ ಕೂಡಲೇ ಅಪ್ಪ ನಿಂತುಬಿಟ್ಟ. ಹಸಿರು ಜಾಗದ ಮೇಲೆ ಕಾಗೆಗಳು. ಅರಳು ತಿನ್ನಲು ಬಂದ ಕಾಗೆಗಳು. ಕೆಲವು ಬಿಳಿ ಕಲ್ಲಿನ ಮೇಲೆ, ಕೆಲವು ನೆಲದ ಮೇಲೆ, ಕೆಲವು ಗಾಳಿಯಲ್ಲಿ. ನಡುವೆ ಎರೆಹಕ್ಕಿ ರೆಕ್ಕೆ ಬಿಚ್ಚಿ ನಿಂತಿತ್ತು, ಎತ್ತುಗಳ ಮುಂದೆ ನಿಂತ ಹಾಗೆಯೇ.

ಅಪ್ಪ ಹೋ ಎಂದು ಕೂಗುತ್ತ ಹೊಲಕ್ಕೆ ಇಳಿದ. ನಾವೂ ಇಳಿದೆವು. ಬೆಳಗಿನ ಮಳೆಗೆ ಮಣ್ಣು ಅಂಟಾಗಿತ್ತು. ಓಡಲು ಕಾಲೇ ಬರಲಿಲ್ಲ. ಒಂದೊಂದು ಹೆಜ್ಜೆಗೂ ಮುದ್ದೆ ಮುದ್ದೆಯಾಗಿ ಮಣ್ಣು ಏರಿತು. ಅಪ್ಪ ಎರಡು ಸಲ ಬಿದ್ದ. ಹತ್ತಿರವೇ ಇದ್ದ ಆ ಜಾಗ ಹತ್ತಿರ ಬರಲೇ ಇಲ್ಲ. ನಾವು ತೂರಿದ ಹೆಂಟೆಗಳು ಅರ್ಧ ದಾರಿಯಲ್ಲಿಯೇ ಬಿದ್ದವು.

ಹಾಗಾಗಿ ನಾವು ಎಲ್ಲವನ್ನೂ ನೋಡಬೇಕಾಯಿತು. ಒಂದು ಕಾಗೆ ಹಕ್ಕಿಯ ಮುಂದೆ ಕುಣಿಯುತ್ತಿತ್ತು. ಹಕ್ಕಿ ಅದರ ಮೇಲೆ ನುಗ್ಗಿದರೆ ಎರಡು ಹೆಜ್ಜೆ ಹಿಂದೆ ಹಾರಿ ಮತ್ತೆ ಕುಣಿಯುತ್ತಿತ್ತು. ಇನ್ನೊಂದು ಹಿಂದಿನಿಂದ ಬಂದು ಅದರ ಬಾಲ ಜಗ್ಗುತ್ತಿತ್ತು. ಹಕ್ಕಿ ಬಾಲದ ಕಡೆಗೆ ತಿರುಗಿತು. ಆ ತಿರುಗಿದ ಹೊತ್ತಿನಲ್ಲಿ ಮೂರನೆಯ ಕಾಗೆ ನಡೆದುಕೊಂಡು ಬಂದು ತತ್ತಿಯ ಮೇಲೆ ಕೊಕ್ಕು ಕುಟ್ಟಿತು. ಕಾಗೆಗಳಿಗೆ ಹೀಗೆ ಪಾಳಿ ಹಂಚಿಕೊಂಡು ಕೆಲಸ ಮಾಡಲು ಬರುತ್ತದೆ. ಎತ್ತಿಗೆ ಒಂದು ಉಪಾಯ, ನಾಯಿಗೆ ಇನ್ನೊಂದು ಇದ್ದ ಎರೆಹಕ್ಕಿಗೆ ಇದಕ್ಕೆ ಉಪಾಯ ಗೊತ್ತಿರಲಿಲ್ಲ. ಅದು ಕುಂಟಿಯೂ ನೋಡಿತು. ರೆಕ್ಕೆ ಎಳೆದುಕೊಂಡು, ಬಿದ್ದು, ಎದ್ದು ನೋಡಿತು. ಯಾವ ಕಾಗೆಯೂ ಅದರ ಬೆನ್ನು ಹತ್ತಲಿಲ್ಲ.

ನಾವು ಮುಟ್ಟುವ ಹೊತ್ತಿಗೆ ಕಾಗೆಗಳು ಹಾರಿದ್ದವು. ಒಡೆದ ತತ್ತಿಯಲ್ಲಿ ಮರಿ ಬಲಿತಿತ್ತು. ಕಣ್ಣು ಮುಚ್ಚಿಕೊಂಡಿತ್ತು, ಮೈಮೇಲೆ ಒದ್ದೆ ನವಿರು ಅಂಟಿಕೊಂಡಿತ್ತು. ಇನ್ನು ಕೆಲವೇ ದಿನಗಳಲ್ಲಿ ಎದ್ದು ಓಡುತ್ತಿತ್ತು. ಸುತ್ತ ಅರಳು ತುಳಿದು ಕೆಸರಾಗಿತ್ತು, ಕಲ್ಲಿನ ಮೇಲೆ ಅವ್ವ ಎರೆದ ಹಾಲು ಒಣಗಿ ಕರೆ ಕಟ್ಟಿತ್ತು. ಅಕ್ಕ ಮುಖ ಮುಚ್ಚಿಕೊಂಡಳು. ನಾನು ಜೋರಾಗಿ ಅತ್ತೆ. ಅಪ್ಪ ಅಳಲಿಲ್ಲ, ಬೈಯಲಿಲ್ಲ. ಅಲ್ಲಿ ನಿಂತು ದಾರಿಯ ಕಡೆಗೆ ನೋಡಿದ. ದಾರಿಯಲ್ಲಿ ಹೋಗುವವರಿಗೆ ಈ ಜಾಗ ಹೇಗೆ ಕಾಣುತ್ತದೆ ಎಂದು ಆಗ ಅವನಿಗೆ ಕಂಡಿತೋ ಏನೋ.

"ನಾವ ತೋರಿಸಿಕೊಟ್ವಿ," ಎಂದ.

ಮನೆಗೆ ಬಂದು ಅವ್ವನಿಗೆ ಹೇಳಿದವಳು ಅಕ್ಕ. ಅವ್ವ ಒಲೆಯ ಮುಂದೆ ಕೂತಿದ್ದಳು. ಉರಿಯುತ್ತಿದ್ದ ಕಟ್ಟಿಗೆಯನ್ನು ಹೊರಗೆಳೆದು ನೀರು ಚಿಮುಕಿಸಿದಳು. ಆಮೇಲೆ ಅಪ್ಪನನ್ನು ನೋಡಿ, "ನಾ ಹಾವಿಗೆ ಅಂಜಿದ್ನಿರಿ. ಹಾವು ಬರಲೇ ಇಲ್ಲಲ್ರಿ," ಎಂದಳು. ಅಪ್ಪ ಅವಳ ಬಾಜೂಕೆ ಕೂತು ಉಂಡಿಯ ಬುಟ್ಟಿಯನ್ನು ಆಚೆ ಸರಿಸಿದ. ಅಂದು ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಸಂಜೆ ಕಾಕಾ ಬಂದ, ಕಟ್ಟೆಯ ಮೇಲೆ ಕೂತ, ಸುಣ್ಣದ ಕಲ್ಲನ್ನು ತಂದವನು ತಾನೇ ಎಂದು ಎರಡು ಮೂರು ಸಲ ಹೇಳಿದ. ಅಪ್ಪ ಅವನಿಗೆ ಚಹಾ ಕೊಡಿಸಿದ.

ನೆಲ ಹದಕ್ಕೆ ಬಂದ ಮೇಲೆ ಅಪ್ಪ ಎತ್ತು ಹೂಡಿದ. ಆ ಹಸಿರು ಜಾಗದ ಮೇಲೂ ಕುಂಟೆ ಹೊಡೆದ. ಕಲ್ಲು ಕಿತ್ತು ಬದುವಿಗೆ ಎಸೆದ. ಈಗ ಹೊಲದಲ್ಲಿ ಎಲ್ಲಿಯೂ ಒಂದು ಎಸಳು ಇರಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ನಿಂತು, ಹರಗಿದರೆ ಹೀಗೆ ಹರಗಬೇಕು ನೋಡು ಎಂದು ಜೊತೆಯವನಿಗೆ ತೋರಿಸಿದ. ಅಪ್ಪ ತಲೆ ಎತ್ತಲಿಲ್ಲ.

ಹಕ್ಕಿ ಒಂದೆರಡು ದಿನ ಬಂತು. ಹರಗಿದ ಮಣ್ಣಿನಲ್ಲಿ ಮೆಲ್ಲಗೆ ನಡೆದಾಡಿತು. ಒಂದು ಕಡೆ ನಿಂತು, ಕಾಲು ಮಡಚಿ, ಬರಿಯ ನೆಲದ ಮೇಲೆ ಕೂತಿತು. ಸ್ವಲ್ಪ ಹೊತ್ತಿಗೆ ಎದ್ದು ಇನ್ನೊಂದು ಕಡೆ ಕೂತಿತು. ಅದು ಹುಡುಕುತ್ತಿದೆ ಎಂದು ನಾನೆಂದೆ. ಅಪ್ಪ ನನ್ನ ಕೈ ಹಿಡಿದು ಮನೆಗೆ ಕರೆದುಕೊಂಡು ಬಂದ. ಮರುವರ್ಷ ಮೊದಲ ಮಳೆಗೆ ನಾವು ಬದುವಿನ ಹಿಂದೆ ಹೋಗಿ ಮಲಗಿದೆವು. ಗಂಡೂ ಇಲ್ಲ, ಹೆಣ್ಣೂ ಇಲ್ಲ. ಅದರ ಮರುವರ್ಷವೂ ಹೋದೆವು. ಆಮೇಲೆ ಅಪ್ಪ ನಮ್ಮನ್ನು ಎಬ್ಬಿಸುವುದನ್ನು ಬಿಟ್ಟ. ತಾನೊಬ್ಬನೇ ಹೋಗಿ ಬರುತ್ತಿದ್ದ ಎಂದು ಅವ್ವ ಎಷ್ಟೋ ವರ್ಷಗಳ ಮೇಲೆ ಹೇಳಿದಳು. ಅವನು ತೀರಿಹೋಗುವವರೆಗೂ ನಮ್ಮ ಸೀಮೆಯಲ್ಲಿ ಇನ್ನೊಂದು ಎರೆಹಕ್ಕಿಯನ್ನು ಕಾಣಲಿಲ್ಲ. ನಾವೂ ಕಂಡಿಲ್ಲ.

ಆ ಹೊಲವನ್ನು ಈಗ ತಮ್ಮ ಮಾಡುತ್ತಾನೆ. ಹೋದ ಸಲ ಶಾಲೆಗೆ ಸೂಟಿ ಬಿಟ್ಟಾಗ ನಿಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಕಾಲುವೆಯ ನೀರು ಬಂದಿದೆ, ಹತ್ತಿ ಇದೆ, ಗೋವಿನಜೋಳ ಇದೆ, ಹೊಲ ಒಂದು ತಿಂಗಳೂ ಖಾಲಿ ಇರುವುದಿಲ್ಲ. ಎತ್ತುಗಳಿಲ್ಲ. ಕಸಕ್ಕೆ ಔಷಧ ಹೊಡೆಯುತ್ತಾರೆ, ಉಳಿದದ್ದನ್ನು ಟ್ರ್ಯಾಕ್ಟರ್ ನೋಡಿಕೊಳ್ಳುತ್ತದೆ. ಅದರ ಮೇಲೆ ಕೂತವನಿಗೆ ನೆಲದ ಮೇಲಿನ ತತ್ತಿ ಕಾಣುವುದಿಲ್ಲ. ತಮ್ಮನನ್ನು ನಾನು ದೂರುವುದಿಲ್ಲ, ಅವನಿಗೂ ಸಂಸಾರವಿದೆ. ನೀವು ಅಲ್ಲಿಯೇ ಬದುವಿನ ಮೇಲೆ ಕೂತು ಮೊಬೈಲಿನಲ್ಲಿ ಎರೆಹಕ್ಕಿಯನ್ನು ಹುಡುಕಿ ತೆಗೆದು ನನಗೆ ತೋರಿಸಿದಿರಿ. ಗಂಡು ಹಕ್ಕಿ ಚೀಲ ಊದಿಸಿ ಕೂಗಿತು. ಬೇಕೆಂದಾಗ ಕೂಗಿಸಿದಿರಿ, ಸಾಕೆಂದಾಗ ನಿಲ್ಲಿಸಿದಿರಿ. ಆ ದನಿ ಎಷ್ಟು ಸಣ್ಣದಾಗಿತ್ತೆಂದರೆ ಪಕ್ಕದ ಹತ್ತಿಯ ಸಾಲಿಗೂ ಕೇಳಿಸಿರಲಿಕ್ಕಿಲ್ಲ.

ಆಗ ನಿಮ್ಮಲ್ಲಿ ಸಣ್ಣವಳು ಒಂದು ಪ್ರಶ್ನೆ ಕೇಳಿದಳು. ಅಜ್ಜಿ, ನಮಗೆ ಅಂಥದ್ದೊಂದು ತತ್ತಿ ಸಿಕ್ಕರೆ ಏನು ಮಾಡಬೇಕು ಅಂತ. ಅಂದು ನಾನು ಮಾತು ತೇಲಿಸಿ ನಿಮ್ಮನ್ನು ಬಸ್ಸಿಗೆ ಹತ್ತಿಸಿಬಿಟ್ಟೆ. ಇಂದು ಹೇಳುತ್ತೇನೆ. ಅಲ್ಲಿ ಕಲ್ಲು ನೆಡಬೇಡಿ. ದುಂಡಗೆ ಜಾಗ ಬಿಡಬೇಡಿ, ಬಿಡುವುದಾದರೆ ಇಡೀ ಹೊಲವನ್ನೇ ಬಿಡಿ. ಯಾರಿಗೂ ಹೇಳಬೇಡಿ. ಹಾಲೆರೆಯಬೇಡಿ, ಅರಳು ಚೆಲ್ಲಬೇಡಿ, ದಿನಾ ಹೋಗಿ ನೋಡಬೇಡಿ. ಬಂದ ದಾರಿಯಲ್ಲಿಯೇ ತಿರುಗಿ ಬನ್ನಿ, ತಿರುಗಿ ನೋಡದೆ ಬನ್ನಿ. ನಲವತ್ತು ವರ್ಷ ಯೋಚಿಸಿ ಕಂಡುಕೊಂಡ ಉತ್ತರ ಇದು, ಒಂದು ಮಾತೂ ತಪ್ಪಿಲ್ಲ. ಆದರೆ ಮಕ್ಕಳೇ, ನಿಮಗೆ ಆ ತತ್ತಿ ಸಿಗುವುದಿಲ್ಲ.